ಹೆಂಗಸು ಓಡಿಸಿದ ಗಾಡಿ

ನನ್ನ ಗಂಡ ಕ್ಯಾಲೊ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದಾನೆ. ರಸ್ತೆಯ ಮೇಲಲ್ಲ, ಮೇಜಿನ ಮೇಲೆ. ನಮ್ಮ ನೈರೋಬಿಯಲ್ಲಿ ನಿಜವಾದ ಗಾಡಿ ಮುಟ್ಟಿಸುವ ಮೊದಲು ಹಲಗೆಯ ಮೇಲೆ ಬರೆದ ಒಂದು ಊರನ್ನು ಮುಂದಿಟ್ಟು, ಕೈಗೆ ಆಟದ ಕಾರು ಕೊಟ್ಟು, ‘ಎಲ್ಲಿ, ಆಸ್ಪತ್ರೆಗೆ ಹೋಗು ನೋಡೋಣ’ ಅನ್ನುತ್ತಾರೆ. ಇವನು ಮೂರು ಸಲವೂ ವೃತ್ತವನ್ನು ಉಲ್ಟಾ ಸುತ್ತಿದ. ಮೂರನೆಯ ಸಲ ಪರೀಕ್ಷಕನ ಚಹಾದ ಲೋಟಕ್ಕೇ ಗುದ್ದಿಸಿದ. ನಾನೋ, ಎಂಟು ವರ್ಷದಿಂದ ಒಂದು ಶಿಶುವಿಹಾರದ ವ್ಯಾನ್ ಓಡಿಸಿ ಸಂಬಳ ತರುತ್ತಿದ್ದೇನೆ.

ಇಷ್ಟಾದರೂ ಮಚಾಕೋಸ್ ಕಡೆಯ ಹಳ್ಳಿಯಲ್ಲಿರುವ ತಾಯಿಗೆ ಅವನು ಫೋನಿನಲ್ಲಿ ಹೇಳಿದ್ದು, “ಶನಿವಾರ ಕಾರು ತರ್ತೀನಿ ಅವ್ವ. ನಾನೇ ಓಡಿಸ್ಕೊಂಡು ಬರ್ತೀನಿ.”

ಕೇಳಿ ನನ್ನ ಮೈಯೆಲ್ಲ ಉರಿಯಿತು. ‘ಓಡಿಸುವವಳು ನನ್ನ ಹೆಂಡತಿ’ ಅನ್ನುವ ಒಂದು ಮಾತು ಅವನ ಬಾಯಿಂದಲೇ, ಇನ್ನೊಬ್ಬರ ಮುಂದೆ ಬರಬೇಕಿತ್ತು. ನನಗೆ ಕಾರಿಗಿಂತ ಅದೇ ಹೆಚ್ಚಾಗಿ ಬೇಕಿತ್ತು. ಈ ಸಲ ನಾನಾಗಿ ಬಾಯಿ ಬಿಡುವುದಿಲ್ಲ ಎಂದು ಹಟ ತೊಟ್ಟೇ ಅವನ ಜೊತೆ ಎನ್‌ಗೊಂಗ್ ರಸ್ತೆಯ, ಹಳೇ ಕಾರು ಮಾರುವ ಯಾರ್ಡಿಗೆ ಹೋದೆ.

ಕಾರು ತೋರಿಸಲು ಬಂದವನ ಹೆಸರು ಗಚೋಕ. ಮೊನಚು ಬೂಟು, ಅದಕ್ಕಿಂತ ಮೊನಚು ನಾಲಿಗೆ. ಒಂದು ಬಿಳಿ ಕಾರಿನ ಮುಂದೆ ನಿಂತು ಕ್ಯಾಲೊನ ಹೆಗಲು ತಟ್ಟಿದ.

“ನಂಬರ್ ಪ್ಲೇಟಿನ ಅಕ್ಷರ ನೋಡಿ ಬಾಸ್, ಹೋದ ವರ್ಷದ ಸರಣಿ. ಜಪಾನಿಂದ ಬಂದು ಹದಿನಾಲ್ಕೇ ತಿಂಗಳು. ಓಡಿಸಿದ್ದು ಒಬ್ರೇ, ಅದೂ ಹೆಂಗಸು! ಹೆಂಗಸು ಓಡಿಸಿದ ಗಾಡಿ ಅಂದ್ರೆ ಗೊತ್ತಲ್ಲ, ಒಂದು ಗೀರಿಲ್ಲ, ಒಂದು ಗುಳಿಯಿಲ್ಲ. ಅದಕ್ಕೇ ರೇಟು ಸ್ವಲ್ಪ ಮೇಲೆ.”

“ಹೌದೌದು, ಹೆಂಗಸ್ರು ಜೋಪಾನ,” ಎಂದು ಕ್ಯಾಲೊ ತಜ್ಞನ ಹಾಗೆ ಟಯರಿಗೊಂದು ಒದೆ ಕೊಟ್ಟ.

“ಇಂಜಿನ್ನಿನ ಎಣ್ಣೆ ಯಾವಾಗ ಬದಲಾಯಿಸಿದ್ದು?” ಎಂದು ನಾನು ಕೇಳಿದೆ. ಗಚೋಕ ಉತ್ತರವನ್ನು ಕ್ಯಾಲೊನಿಗೆ ಕೊಟ್ಟ. ನನಗೆ ಮಾತ್ರ, “ಮೇಡಂ, ಕನ್ನಡಿ ಇಲ್ಲಿದೆ ನೋಡಿ. ಲೈಟೂ ಹತ್ತುತ್ತೆ,” ಎಂದ. ಆ ಕನ್ನಡಿಯಲ್ಲಿ ನನ್ನ ಮುಖ ನೋಡಿದ್ದರೆ ಅವನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಆಮೇಲೆ ಕೀಲಿಯನ್ನು ಕ್ಯಾಲೊನ ಅಂಗೈಗೆ ಹಾಕಿ, “ಒಂದು ರೌಂಡ್ ಹೋಗ್ಬನ್ನಿ ಬಾಸ್,” ಎಂದು ತಾನೇ ಹಿಂದಿನ ಸೀಟಿನಲ್ಲಿ ಕೂತ.

ಕ್ಯಾಲೊ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಬೇರೆ ದಾರಿ ಕಾಣದೆ ಅವನು ಹೋಗಿ ಸ್ಟಿಯರಿಂಗ್ ಮುಂದೆ ಕೂತ. ನಾನು ಎಡಗಡೆ ಕೂತು ಕೈಯನ್ನು ಹ್ಯಾಂಡ್‌ಬ್ರೇಕಿನ ಹತ್ತಿರವೇ ಇಟ್ಟುಕೊಂಡೆ. ಹಟ ಬೇರೆ, ಜೀವ ಬೇರೆ.

ಕೀಲಿ ತಿರುಗಿಸಿದ್ದೇ ತಡ, ಕಾರಿನೊಳಗಿಂದ ಒಂದು ಹುಡುಗಿಯ ದನಿ ಜಪಾನಿ ಭಾಷೆಯಲ್ಲಿ ಏನೋ ಉಲಿಯಿತು.

“ಥ್ಯಾಂಕ್ಸ್ ಅಮ್ಮ,” ಎಂದ ಕ್ಯಾಲೊ. ಹಣೆಯ ಮೇಲೆ ಬೆವರು. ಗಚೋಕನಿಗೆ ತಿಳಿಯದಿರಲೆಂದು ನಮ್ಮ ಕಂಬಾ ಭಾಷೆಯಲ್ಲಿ ಪಿಸುಗುಟ್ಟಿದ, “ಮುತಾನು ಅಮ್ಮ, ಇದ್ರಲ್ಲಿ ಎರಡೇ ಪೆಡಲ್ ಇದೆಯಲ್ಲೇ! ಬ್ರೇಕ್ ಯಾವ್ದು?”

ಮುತಾನು ನಮ್ಮ ಮಗಳು. ಮಗಳ ಹೆಸರು ಹಿಡಿದು ಇಷ್ಟು ಮೆತ್ತಗೆ ಅವನು ಕರೆಯುವುದು ಕೆಲಸ ಕೆಟ್ಟಾಗ ಮಾತ್ರ.

“ಊರಿಗೆ ಓಡಿಸ್ಕೊಂಡು ಹೋಗೋರು ನೀವು. ನನ್ನೇನ್ ಕೇಳ್ತೀರಿ?”

ಅವನು ಗೇರು ಎಳೆದ, ಕಾಲೊತ್ತಿದ. ಕಾರು ಗಕ್ಕನೆ ಹಿಂದಕ್ಕೆ ನೆಗೆದು, ಗೇಟಿನ ಬಳಿ ಪೇರಿಸಿದ್ದ ಹಳೇ ಟಯರುಗಳನ್ನು ತಬ್ಬಿಕೊಂಡಿತು. ಅಷ್ಟರಲ್ಲಿ ನಾನು ಹ್ಯಾಂಡ್‌ಬ್ರೇಕ್ ಎಳೆದು, ಕೈ ಚಾಚಿ ಇಂಜಿನ್ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಗಚೋಕ ತಲೆ ಸವರಿಕೊಳ್ಳುತ್ತ, “ಬ್ರೇಕ್ ಸೂಪರ್ ಆಗಿದೆ ನೋಡಿ ಬಾಸ್,” ಎಂದ. ವ್ಯಾಪಾರಿ ಅಂದರೆ ಹಾಗಿರಬೇಕು.

ಆಗಲೇ ಅತ್ತೆಯ ಫೋನು. ಬೆಳಗಿನಿಂದ ಇದು ನಾಲ್ಕನೆಯದು. ಗಡಿಬಿಡಿಯಲ್ಲಿ ಕ್ಯಾಲೊ ಸ್ಪೀಕರ್ ಒತ್ತಿದ.

“ಕಾರು ತಗೊಂಡ್ರೇನಪ್ಪಾ? ನೀನೇ ಓಡಿಸ್ತಿದ್ದೀಯಾ?”

ಅವನು ಸ್ಟಿಯರಿಂಗ್ ನೋಡಿದ, ಟಯರಿನ ರಾಶಿ ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಇಲ್ಲವ್ವ. ಮುತಾನು ಅಮ್ಮ ಓಡಿಸ್ತಾಳೆ. ನಂಗೆ... ನಂಗೆ ಬರಲ್ಲ.”

ಗೆದ್ದೆ ಅಂದುಕೊಳ್ಳಬೇಕಿತ್ತು. ಆದರೆ ಆ ಸಣ್ಣ ದನಿ ಕೇಳಿ ನನಗೆ ಅಯ್ಯೋ ಅನ್ನಿಸಿತು.

“ಸದ್ಯ! ದೇವ್ರು ಕಣ್ಬಿಟ್ಟ,” ಎಂದಳು ಅತ್ತೆ. “ನೀನು ಓಡಿಸ್ತೀನಿ ಅಂದಾಗಿಂದ ಚರ್ಚಲ್ಲಿ ಎಲ್ರ ಕೈಲೂ ಪ್ರಾರ್ಥನೆ ಮಾಡಿಸ್ತಿದ್ದೀನಿ ಕಣೋ. ಆಟದ ಕಾರನ್ನೇ ಟೀ ಲೋಟಕ್ಕೆ ಗುದ್ದಿಸಿದೋನು ನೀನು! ನಿನ್ ತಮ್ಮ ಎಲ್ಲಾ ಹೇಳಿದ್ದಾನೆ. ಸೊಸೆ ಓಡಿಸೋದಾದ್ರೆ ನನ್ನೂ ಕರ್ಕೊಂಡು ಒಂದು ಸುತ್ತು ಹೋಗ್ಲಿ.”

ನಾನು ನಗು ತಡೆಯಲಾರದೆ ಡ್ಯಾಶ್‌ಬೋರ್ಡಿಗೆ ಹಣೆ ಹಚ್ಚಿದೆ.

“ಏನಂತೆ ಬಾಸ್, ಅಮ್ಮ ಏನಂದ್ರು?” ಗಚೋಕನಿಗೆ ವ್ಯಾಪಾರ ಕೈಬಿಡುವ ಭಯ.

ಕ್ಯಾಲೊ ಕೆಳಗಿಳಿದು, ಈ ಕಡೆ ಬಂದು ನನ್ನ ಬಾಗಿಲು ತೆಗೆದು, ಅವನಿಗೂ ತಿಳಿಯಲೆಂದು ಸ್ವಾಹಿಲಿಯಲ್ಲೇ ಹೇಳಿದ, “ಹೆಂಗಸು ಓಡಿಸಿದ ಗಾಡಿ ಅಲ್ವಾ? ಇನ್ಮುಂದೂ ಹೆಂಗಸೇ ಓಡಿಸ್ಬೇಕಂತೆ. ಎಣ್ಣೆ ವಿಚಾರ ಇವಳಿಗೇ ಹೇಳಪ್ಪ. ಡ್ರೈವರ್ ಇವಳು.”

ನಾನು ಸ್ಟಿಯರಿಂಗ್ ಮುಂದೆ ಕೂತು ಸೀಟು ಸರಿಮಾಡಿಕೊಂಡೆ. ಅವನು ಎಡಗಡೆ ಕೂತು, ಹೇಳಿಸಿಕೊಳ್ಳದೆ ಬೆಲ್ಟು ಹಾಕಿಕೊಂಡ. ಕೀಲಿ ತಿರುಗಿಸಿದೆ. ಜಪಾನಿ ಹುಡುಗಿ ಮತ್ತೆ ಶುರು ಮಾಡಿದಳು.

“ಏನಂತಿದ್ದಾಳೆ ಇವಳು?” ಎಂದ ಕ್ಯಾಲೊ.

“ಎಡಗಡೆ ಕೂತೋರು ಬಾಯ್ಮುಚ್ಕೊಂಡು ಕೂತಿರ್ಬೇಕಂತೆ.”

“ಆಯ್ತಮ್ಮ,” ಎಂದ ಅವನು, ಕಾರಿಗೆ.