ಗುರುಬಸವ್ವನ ಎರಡನೇ ತಂತಿ

ಗುರುಬಸವ್ವ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಣ್ಣತೊಡಗಿ ಎರಡು ವರ್ಷವಾಗಿತ್ತು. ವಯಸ್ಸು ನೋಡಿದರೆ ಇಪ್ಪತ್ತೆಂಟು. ಮೇಲಿನ ಮುಂದಿನ ಹಲ್ಲುಗಳು ಮುನಿಸಿಕೊಂಡವರ ಹಾಗೆ ಒಂದರಿಂದ ಒಂದು ದೂರ ಸರಿದು, ತುಟಿ ಮೀರಿ ಹೊರಗೆ ಬಂದಿದ್ದವು. ಅವುಗಳಲ್ಲಿ ಎರಡು ನಾಲಿಗೆ ತಾಗಿದರೂ ಅಲುಗುತ್ತಿದ್ದವು. ಗಟ್ಟಿಯಾದದ್ದೇನು ಕಚ್ಚಿದರೂ ರಕ್ತ.

"ನೋಡ್ರೆವಾ," ಎಂದು ಅತ್ತೆ ಮಾಲವ್ವ ನೆರೆಮನೆಯವರಿಗೆ ಕೇಳುವ ಹಾಗೆ ಹೇಳುವಳು. "ನನಗ ಹಲ್ಲ ಇಲ್ಲ, ಒಸಡೀಲೇ ಕಟಕಟ ರೊಟ್ಟಿ ಕಡೀತೇನಿ. ನಮ್ಮ ಸೊಸಿಗೆ ಬಾಯಿ ತುಂಬ ಹಲ್ಲ ಅದಾವು, ಕೂಸಿನ್ಹಂಗ ಕಲಸಿಕೊಂಡು ಉಣ್ತಾಳ!"

ಎಲ್ಲರೂ ನಗುವರು. ಗುರುಬಸವ್ವನೂ ನಗುವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಅವರದು ದಾಂಡೇಲಿಯ ಕಾಗದ ಕಾರಖಾನೆಯ ಹತ್ತಿರದ ಸಾಲುಮನೆ. ಗಂಡ ಮಲಕಪ್ಪ ಬಿದಿರು ಇಳಿಸುವ ಕೆಲಸಗಾರ. ಬೆಳಗಾದರೆ ಸಾಲಿನ ಹೆಂಗಸರೆಲ್ಲ ನಳದ ಹತ್ತಿರ ಕೂಡುವರು. ಕೊಡ ತುಂಬುವವರೆಗೂ ಮಶೇರಿ ತಿಕ್ಕುವರು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ ಅದು. ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಚಿಟಿಕೆ ತೆಗೆದುಕೊಂಡು, ಬೆರಳಿನಿಂದ ತಿಕ್ಕುತ್ತ, ಉಗುಳುತ್ತ, ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುವರು.

ಗುರುಬಸವ್ವನ ಹಲ್ಲು ಮೊದಲಿನಿಂದಲೂ ಹೀಗಿದ್ದವೇ? ಇದ್ದವು, ನಡುವೆ ಒಮ್ಮೆ ನೆಟ್ಟಗೂ ಆಗಿದ್ದವು. ಹೇಗೆ ನೆಟ್ಟಗಾದವೆಂಬುದು ಸಾಲುಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳ ತವರು ಮುಂಡಗೋಡ ತಾಲೂಕಿನ ಇಂದೂರ. ತಂದೆ ಅಂದಾನೆಪ್ಪ ಚಕ್ಕಡಿಯಲ್ಲಿ ಅಕ್ಕಿ ಹೇರಿಕೊಂಡು ಹುಬ್ಬಳ್ಳಿ ಪೇಟೆಗೆ ಹೋಗಿಬರುತ್ತಿದ್ದ. ತಾಯಿಯಿಲ್ಲದ ಮಗಳು. ಅವಳಿಗೆ ಹನ್ನೆರಡು ವರ್ಷವಿದ್ದಾಗ ಮುಂಚಾಚಿದ ಹಲ್ಲಿನಿಂದ ತುಟಿ ಕೂಡುತ್ತಿರಲಿಲ್ಲ. ಒಮ್ಮೆ ಎಡವಿ ಬಿದ್ದು ಕೆಳತುಟಿ ಹರಿದುಕೊಂಡಳು. ತುಟಿಗೆ ಹೊಲಿಗೆ ಹಾಕಿದ ಡಾಕ್ಟರರು, "ಹುಬ್ಬಳ್ಳ್ಯಾಗ ಹಲ್ಲಿನ ಡಾಕ್ಟರರು ಅದಾರ, ತಂತಿ ಹಾಕಿ ಹಲ್ಲ ಒಳಗ ತರ್ತಾರ" ಎಂದರು. ಊರವರು ನಕ್ಕರು. ಅಂದಾನೆಪ್ಪ ನಗಲಿಲ್ಲ. ತಿಂಗಳಿಗೊಮ್ಮೆ ಅಕ್ಕಿ ಚೀಲಗಳ ಮೇಲೆ ಕೌದಿ ಹಾಸಿ ಮಗಳನ್ನು ಕೂಡಿಸಿಕೊಂಡು ಹೋದ. ಡಾಕ್ಟರರು ತಂತಿ ಬಿಗಿಮಾಡುವವರೆಗೆ ಹೊರಗೆ ಬೇವಿನ ಗಿಡದ ಕೆಳಗೆ ಎತ್ತು ಬಿಚ್ಚಿ ಕಾಯ್ದ. ಹೀಗೆ ಎರಡು ವರ್ಷ. ತಂತಿ ತೆಗೆದ ದಿನ ಅವಳು ತಿರುಗಿ ಬರುವ ದಾರಿಯುದ್ದಕ್ಕೂ ನಗುತ್ತಲೇ ಬಂದಳು. ಅಂದಾನೆಪ್ಪ ಎದುರು ಬಂದ ಪ್ರತಿಯೊಂದು ಚಕ್ಕಡಿಯನ್ನೂ ನಿಲ್ಲಿಸಿ, "ನಗವಾ ಒಮ್ಮೆ, ಕಾಕಾಗ ತೋರಸು" ಎಂದ.

ಡಾಕ್ಟರರು ಕೊನೆಗೆ ಒಂದು ಚಿಕ್ಕ ಪ್ಲೇಟು ಕೊಟ್ಟಿದ್ದರು. ಅಂಗುಳಕ್ಕೆ ಕೂಡುವಂಥದು, ಮುಂದೆ ಒಂದು ತಂತಿ. "ಮಲಗುವಾಗ ದಿನಾ ಇದನ್ನು ಹಾಕಿಕೊಳ್ಳಬೇಕು. ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ಹೋಗುತ್ತವೆ" ಎಂದು ಎರಡೆರಡು ಸಲ ಹೇಳಿದ್ದರು.

ಹದಿನಾರಕ್ಕೆ ಮದುವೆಯಾಯಿತು. ಹೊಸ ಸೊಸೆ ತಂದ ಟ್ರಂಕನ್ನು ಬೀಗರ ಮನೆಯ ಹೆಂಗಸರು ಬಿಚ್ಚಿ, ಒಂದೊಂದೇ ಸಾಮಾನು ಎತ್ತಿ ನೋಡುವುದು ಅವರಲ್ಲಿ ವಾಡಿಕೆ. ಸೋದರತ್ತೆ ಮಹಾದೇವಕ್ಕ ಹಿಂದಿನ ದಿನವೇ ಟ್ರಂಕು ತುಂಬುತ್ತ ಆ ಪ್ಲೇಟನ್ನು ಕಂಡಳು.

"ಇದ್ಯಾಕ ಇಟ್ಟಿ? ನೋಡಿದವರು ಏನಂತಾರ? ಹುಡಿಗೀಗೆ ಕಟ್ಟಿಸಿದ ಹಲ್ಲ ಅಂತಾರ. ಕೊಟ್ಟ ಮನ್ಯಾಗ ಮೊದಲನೇ ದಿನಾನ ಇಂಥಾ ಮಾತು ಬೇಕ?"

"ಅಪ್ಪ ಬೈತಾನ ಅತ್ತಿ."

"ನಿಮ್ಮಪ್ಪಗ ಯಾರ ಹೇಳ್ತಾರ? ಹಲ್ಲಂತೂ ನೆಟ್ಟಗಾಗ್ಯಾವಲ್ಲ."

ಪ್ರೀತಿಯಿಂದಲೇ ಹೇಳಿದ ಮಾತು. ಪ್ಲೇಟು ಇಂದೂರಿನಲ್ಲೇ ಉಳಿಯಿತು.

ಗಂಡನ ಮನೆಯ ಮೊದಲ ಬೆಳಗು ಮಾಲವ್ವ ಡಬ್ಬಿ ಮುಂದೆ ಮಾಡಿದಳು. "ತಿಕ್ಕವಾ. ಮಂದಿಯವರ್ಹಂಗ ದೂರ ಕುಂದರಬ್ಯಾಡ." ತಿಕ್ಕಿದ ಕೂಡಲೇ ತಲೆ ತಿರುಗಿತು. ಆದರೆ ಅತ್ತೆ ಬೆನ್ನು ಸವರಿ ನಕ್ಕಳಲ್ಲ, ಆ ನಗೆ ಅವಳಿಗೆ ಬೇಕಾಗಿತ್ತು. ತಿಂಗಳಾಗುವುದರಲ್ಲಿ ಮಶೇರಿ ಇಲ್ಲದೆ ಬೆಳಗಾಗದಂತಾಯಿತು. ಮೂರು ಹೆರಿಗೆಯಾದವು. ಒಸಡು ಬಾತವು, ಬೇರು ಕಾಣಿಸಿದವು. ಹಲ್ಲು ಮೆಲ್ಲಗೆ ಹೊರಟವು. ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಸರಿದರೆ ಯಾರಿಗೆ ತಿಳಿಯುತ್ತದೆ? ತಿಳಿದಾಗ ಸೆರಗು ಬಾಯಿಗೆ ಬಂದಿತ್ತು.

ಸೆರಗು ಮೊದಲು ಬಂದದ್ದು ತಂದೆಯ ಎದುರಿಗೆ. ವರ್ಷಕ್ಕೊಮ್ಮೆ ಅಂದಾನೆಪ್ಪ ಹೊಸ ಅವಲಕ್ಕಿ ಕಟ್ಟಿಕೊಂಡು ಬರುತ್ತಿದ್ದ. ಎರಡು ವರ್ಷ ಎತ್ತು ಹೊಡೆದವನಿಗೆ ಈ ಬಾಯಿ ಹೇಗೆ ತೋರಿಸುವುದು? ಅವನು ಬಂದಾಗಲೆಲ್ಲ ಅವಳು ಒಲೆಯ ಕಡೆ ಮುಖ ಮಾಡಿ ಮಾತಾಡುವಳು. ಕೊನೆಯ ಸಲ ಬಂದಾಗ ಮುದುಕ ಹೊಸ್ತಿಲಲ್ಲಿ ಕುಳಿತು ಬಹಳ ಹೊತ್ತು ನೋಡಿದ.

"ಯಾಕವಾ, ನಗೂದ ಬಿಟ್ಟೀಯಲ್ಲ?"

"ಇಲ್ಲಪ್ಪಾ, ನಗತೇನಲ್ಲ."

"ಮನಿಯವರು ಚಲೋ ನೋಡ್ಕೋತಾರಿಲ್ಲ?"

"ಚಲೋ ನೋಡ್ಕೋತಾರಪ್ಪಾ," ಎಂದಳು ಸೆರಗಿನೊಳಗಿಂದ.

ಆ ಶ್ರಾವಣದಲ್ಲಿ ಅಂದಾನೆಪ್ಪ ತೀರಿಕೊಂಡ. ಮಣ್ಣು ಮುಗಿಸಿ ದಾಂಡೇಲಿಗೆ ತಿರುಗಿ ಬಂದ ಮೇಲೆ ಒಂದು ದಿನ ಮಲಕಪ್ಪ ಉಣ್ಣುತ್ತ ಸಹಜವಾಗಿ ಹೇಳಿದ: "ನಿಮ್ಮಪ್ಪ ಭಾಳ ಒಳ್ಳೆ ಮನಶ್ಯಾ. ಕಡೀ ಸಲ ಬಸ್ಸಿಗೆ ಬಿಡಾಕ ಹೋದಾಗ ನನ್ನ ಕೈ ಹಿಡಕೊಂಡು, 'ನನ್ನ ಮಗಳಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ, ಆಕಿನ್ನ ನೋಯಿಸಬ್ಯಾಡ್ರಿ' ಅಂದ. ಹಂಗೇನಿಲ್ಲ ಮಾವಾ, ಚಲೋ ಅದಾಳ ಅಂದೆ. ನಂಬಲಿಲ್ಲ ಮುದುಕ."

ಗುರುಬಸವ್ವನ ಕೈಯಲ್ಲಿದ್ದ ರೊಟ್ಟಿ ಸಾರಿನಲ್ಲಿ ನೆನೆದು ಕರಗಿತು. ಮಗಳು ದುಃಖದಲ್ಲಿದ್ದಾಳೆ ಎಂದುಕೊಂಡೇ ಅಪ್ಪ ಹೋದನಲ್ಲ! ಸೆರಗು ಸರಿಸಿ ಒಮ್ಮೆ ತೋರಿಸಿದ್ದರೆ ಬೈಯುತ್ತಿದ್ದ. ಬೈದು, ಎತ್ತು ಹೂಡುತ್ತಿದ್ದ.

ಆ ಚಳಿಗಾಲದಲ್ಲಿ ಅಗ್ನೆಸ್‌ಬಾಯಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಲು ಸಾಲುಮನೆಗೆ ಬಂದಳು. ಹಳಿಯಾಳದ ಆಚೆ ಸಿದ್ದಿಯರ ಒಂದು ಹಳ್ಳಿಯವಳು. ಮಿಶನ್ ದವಾಖಾನೆಯಲ್ಲಿ ಕಲಿತು ನರ್ಸಬಾಯಿ ಆದವಳು. ಗುರುಬಸವ್ವನ ಮೂರು ಹೆರಿಗೆಯನ್ನೂ ಅವಳೇ ಮಾಡಿಸಿದ್ದಳು. ಹಿರಿಯ ಮಗಳು, ಒಂಬತ್ತು ವರ್ಷದ ಕಾಶಿ, ಸೂಜಿಗೆ ಹೆದರದೆ ತೋಳು ಚಾಚಿದಳು.

"ಶಾಬಾಸ! ಪೊಲೀಸನ್ನ ಮದುವಿ ಆಗ್ತಿ ನೀ," ಎಂದಳು ಅಗ್ನೆಸ್‌ಬಾಯಿ.

ಕಾಶಿ ಕಿಲಕಿಲ ನಕ್ಕಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು.

"ಕೈ ತಗೀ. ಹಲ್ಲ ನೋವೈತೇನು? ತೋರಸು." ಹಲ್ಲು ಮಲ್ಲಿಗೆ ಮೊಗ್ಗಿನ ಸಾಲಿನಂತಿದ್ದವು. "ಇಷ್ಟ ಚಂದ ಹಲ್ಲಿಗೆ ಕೈ ಯಾಕ ಮುಚ್ಚತಿ?"

"ಹೆಣ್ಣಮಕ್ಕಳು ನಗುವಾಗ ಹಂಗ ಮುಚ್ಕೋಬೇಕಲ್ರಿ? ಅವ್ವ ಮುಚ್ಕೋತಾಳ."

ಗುರುಬಸವ್ವ ಮುಂದೆ ಬಂದು ಕುಳಿತು ಸೆರಗನ್ನು ತಾನೇ ಇಳಿಸಿದಳು. ಅಗ್ನೆಸ್‌ಬಾಯಿ ಬಾಯಿ ನೋಡಿದಳು. ಎಲ್ಲವೂ ಹೊರಬಿತ್ತು: ಚಕ್ಕಡಿ, ಹುಬ್ಬಳ್ಳಿ, ಪ್ಲೇಟು, ಅಪ್ಪ. ಮಾಲವ್ವ ಕೇಳುತ್ತ ನಿಂತಳು.

"ಹಿಂಗ ಬಿಟ್ರ ಮುಂದಿನ ಹಲ್ಲ ಒಂದೂ ಉಳಿಯೂದಿಲ್ಲ," ಎಂದಳು ಅಗ್ನೆಸ್‌ಬಾಯಿ. "ಮೊದಲ ಒಸಡ ಸುಧಾರಿಸಬೇಕು, ಆಮ್ಯಾಲ ಮತ್ತ ತಂತಿ ಹಾಕಿಸಬೇಕು."

"ಈಗ ತಂತಿ?" ಎಂದಳು ಮಾಲವ್ವ. "ಮೂರು ಮಕ್ಕಳ ತಾಯಿಗೆ? ಮತ್ತೊಂದು ಮದುವಿ ಮಾಡೂದೈತೇನು ಆಕೀದು?"

"ಮದುವಿ ಬ್ಯಾಡ ಮಾವಶಿ. ಉಣ್ಣೂದೈತಲ್ಲ, ಇನ್ನ ನಲವತ್ತು ವರ್ಷ."

"ದೊಡ್ಡವರಿಗೆ ತಂತಿ ಹತ್ತತೈತೇನು?"

"ಒಸಡು, ಎಲುಬು ಗಟ್ಟಿ ಆದ್ರ ದೊಡ್ಡವರ ಹಲ್ಲೂ ಸರೀತಾವು. ಸಾವಕಾಶ ಸರೀತಾವು, ಅಷ್ಟ. ಆದ್ರ ಈ ಮಶೇರಿ ಬಿಡದಿದ್ರ ಯಾವ ತಂತಿನೂ ಕೆಲಸ ಮಾಡೂದಿಲ್ಲ. ಒಸಡು ತಿಂದು ಹಲ್ಲ ಸಡಲ ಮಾಡಿದ್ದ ಅದು."

"ನಾ ನಲವತ್ತು ವರ್ಷ ತಿಕ್ಕೇನಿ, ನನಗೇನಾಗೇತಿ?"

ಕಾಶಿ ಮುಗ್ಧವಾಗಿ ಕೇಳಿದಳು: "ಆಯಿ, ನಿನ್ನ ಹಲ್ಲ ಎಲ್ಲಿ ಹೋದುವು?"

ಮಾಲವ್ವ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಸಂಜೆ ಮಲಕಪ್ಪ ಬಂದು ಎಲ್ಲ ಕೇಳಿಸಿಕೊಂಡಾಗ ಅಗ್ನೆಸ್‌ಬಾಯಿ ಇನ್ನೂ ಅಲ್ಲೇ ಇದ್ದಳು. ಅವನ ಅನುಮಾನ ಬೇರೆ. "ಒಮ್ಮೆ ತಂತಿ ಹಾಕಿಸಿದ್ರೂ ಹಲ್ಲ ತಿರುಗಿ ಹೊರಗ ಬಂದುವಲ್ರಿ ನರ್ಸಬಾಯಿ. ಎರಡನೇ ಸಲ ಹಾಕಿಸಿದ್ರ ಮತ್ತ ಬರೂದಿಲ್ಲಂತ ಏನ ಖಾತ್ರಿ?"

"ನೀವು ಬಿದಿರಿನವರು, ನೀವ ಹೇಳ್ರಿ," ಎಂದಳು ಅಗ್ನೆಸ್‌ಬಾಯಿ. "ಸೊಟ್ಟ ಬಿದಿರು ಬೆಂಕೀಗೆ ಹಿಡದು ನೆಟ್ಟಗ ಮಾಡತೀರಿ. ಕೂಡಲೇ ಕೈ ಬಿಟ್ರ?"

"ಮತ್ತ ಸೊಟ್ಟ ಆಕ್ಕೈತಿ. ಆರೂತನಾ ಕಟ್ಟಿ ಇಡಬೇಕು."

"ಆ ಪ್ಲೇಟು ಅಂದ್ರ ಆ ಕಟ್ಟು. ಹಲ್ಲಿನ ತಪ್ಪಲ್ಲ, ತಂತೀದೂ ತಪ್ಪಲ್ಲ. ಕಟ್ಟು ಲಗೂನ ಬಿಚ್ಚಿದ್ರಿ."

ಮಲಕಪ್ಪ ಹೆಂಡತಿಯ ಕಡೆ ನೋಡಿದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಯಾಕೆ ನಗುವುದಿಲ್ಲ ಎಂದು ಅವನು ಕೇಳಿರಲಿಲ್ಲ. "ಮುದುಕ ಕೇಳಿದ, ನಾ ಕೇಳಲಿಲ್ಲ," ಎಂದ ಮೆಲ್ಲಗೆ. "ಹುಬ್ಬಳ್ಳಿಗೆ ಹೋಗೂಣು."

ಮೊದಲಿನ ಡಾಕ್ಟರರು ಹುಬ್ಬಳ್ಳಿ ಬಿಟ್ಟು ಹೋಗಿದ್ದರು. ಹೊಸ ಡಾಕ್ಟರರು ಬಹಳ ಹೊತ್ತು ಪರೀಕ್ಷಿಸಿದರು. ಅಲುಗುವ ಎರಡು ಹಲ್ಲು ಉಳಿಯುವುದಿಲ್ಲ, ಉಳಿದವನ್ನು ಉಳಿಸಬಹುದು ಎಂದರು. "ಐದು ವರ್ಷ ಮೊದಲೇ ಬಂದಿದ್ದರೆ ಇವೂ ಉಳಿಯುತ್ತಿದ್ದವು ತಾಯಿ."  ಕಿತ್ತ ಹಲ್ಲುಗಳು ತಟ್ಟೆಯಲ್ಲಿ ಟಣ್ ಎಂದಾಗ ಗುರುಬಸವ್ವ ಕಣ್ಣೊರೆಸಿಕೊಂಡಳು.

ಮಶೇರಿ ಬಿಡುವುದು ಹಲ್ಲು ಕೀಳಿಸುವುದಕ್ಕಿಂತ ಕಷ್ಟವಾಯಿತು. ತಲೆ ಸಿಡಿಯಿತು, ಮಕ್ಕಳ ಮೇಲೆ ಸುಮ್ಮನೆ ರೇಗಿದಳು, ರೊಟ್ಟಿ ಸೀದವು. ನಳದ ಹತ್ತಿರ ಹೋದರೆ ಬೆರಳು ತಾನೇ ಡಬ್ಬಿಯ ಕಡೆ ಹೋಗುತ್ತಿತ್ತು. ಎರಡು ಸಲ ಸೋತು ತಿಕ್ಕಿಯೂ ಬಿಟ್ಟಳು. ಮೂರನೆಯ ಸಲ ಮತ್ತೆ ಬಿಟ್ಟಳು. ಆಗ ಮಾಲವ್ವ, "ನೀ ಮನ್ಯಾಗಿರು, ನೀರು ನಾ ತರತೇನಿ" ಎಂದು ಕೊಡ ತಾನೇ ಎತ್ತಿಕೊಂಡಳು. ತನ್ನ ಡಬ್ಬಿಯನ್ನು ಮುದುಕಿ ಬಿಡಲಿಲ್ಲ. ಆದರೆ ಅಂದಿನಿಂದ ಮೊಮ್ಮಕ್ಕಳ ಎದುರಿಗೆ ತೆಗೆಯಲಿಲ್ಲ, ಯಾವ ಹೊಸ ಸೊಸೆಗೂ ಕೊಡಲಿಲ್ಲ.

ನಾಲ್ಕು ತಿಂಗಳ ಮೇಲೆ ಒಸಡಿನ ರಕ್ತ ನಿಂತಿತು. ಆಗ ತಂತಿ ಬಂತು. ಸಾಲುಮನೆಯ ಹುಡುಗರು ನೋಡಿ ನಕ್ಕರು. ಬಿಗಿಮಾಡಿಸಿಕೊಂಡು ಬಂದ ಎರಡು ದಿನ ಗಂಜಿಯೇ ಗತಿ. ಚಕ್ಕಡಿಯ ಬದಲು ಬಸ್ಸು, ಅಪ್ಪನ ಬದಲು ಮಲಕಪ್ಪ. ದಾರಿಯಲ್ಲಿ ಎಲ್ಲಾದರೂ ಬಿಚ್ಚಿದ ಎತ್ತು ಕಂಡರೆ ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುವಳು.

ಒಂದೂವರೆ ವರ್ಷಕ್ಕೆ ಹಲ್ಲು ಒಳಗೆ ಬಂದವು. ಹೋದ ಎರಡು ಹಲ್ಲನ್ನು ಹೊಸ ಪ್ಲೇಟಿನಲ್ಲೇ ಕೂಡಿಸಿಕೊಟ್ಟರು. ಈ ಸಲ ಅದನ್ನು ಬಿಡುವ ಹಾಗಿಲ್ಲ, ಹಲ್ಲಿರುವವರೆಗೂ ಬೇಕು. ಬಾಯಿಯಿಂದ ತೆಗೆದಾಗಲೆಲ್ಲ ಅವಳು ಅದನ್ನು ತೊಳೆದು, ಎಲ್ಲರಿಗೂ ಕಾಣುವ ಹಾಗೆ ಒಂದು ಬಟ್ಟಲಿನಲ್ಲಿಡುವಳು. ಒಂದು ಮಧ್ಯಾಹ್ನ ಹಂಚಿನಿಂದ ಇಳಿಸಿದ ರೊಟ್ಟಿಯ ಅಂಚನ್ನು ಮುರಿದು ಕಚ್ಚಿದಳು. ಕಟ್ ಎಂದಿತು. ರಕ್ತ ಬರಲಿಲ್ಲ. "ಕಡದಿ?" ಎಂದಳು ಮಾಲವ್ವ ಒಳಗಿನಿಂದ. "ಕಡದೆ ಅತ್ತಿ," ಎಂದಳು. ಹಾಗೆಯೇ ರೊಟ್ಟಿ ಹಿಡಿದುಕೊಂಡು ಅತ್ತಳು. ಈ ಸುದ್ದಿಯನ್ನು ಮೊದಲು ಹೇಳಬೇಕಾದವನು ಇರಲಿಲ್ಲ.

ಅಕ್ಕಗಳಿರಾ, ತಾಯಂದಿರಾ, ಹಲ್ಲಿಗೆ ಒಮ್ಮೆ ತಂತಿ ಹಾಕಿಸಿದವರಿದ್ದರೆ ಡಾಕ್ಟರು ಕೊಟ್ಟ ಪ್ಲೇಟನ್ನು ಬಿಡಬೇಡಿರಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅದನ್ನು ಟ್ರಂಕಿನಲ್ಲಿ ಸೀರೆಯ ಮೇಲೆಯೇ ಇಡಿರಿ. ಕೇಳಿದವರಿಗೆ ಇಂಥದೆಂದು ಹೇಳಿರಿ. ಹೊಸ ಸೊಸೆಗೆ ಪ್ರೀತಿ ತೋರಿಸಲು ಮಶೇರಿ ಡಬ್ಬಿ ಬೇಕಾಗಿಲ್ಲ. ಒಸಡಿನಲ್ಲಿ ರಕ್ತ ಬಂದರೆ, ಹಲ್ಲು ಸರಿದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿರಿ, ಹೋಗಿ ತೋರಿಸಿರಿ. ಎರಡನೆಯ ಸಲ ತಂತಿ ಹಾಕಿಸುವುದರಲ್ಲಿ ನಾಚಿಕೆಯಿಲ್ಲ.

ಗುರುಬಸವ್ವನ ಹಲ್ಲು ಸರಿಯಾದವು. ಅವಳ ಅಪ್ಪನ ಮನಸ್ಸಿನಲ್ಲಿ ಉಳಿದುಹೋದ ಚಿಂತೆಯನ್ನು ತೆಗೆಯುವ ಡಾಕ್ಟರು ಹುಬ್ಬಳ್ಳಿಯಲ್ಲಿ ಇಲ್ಲ, ಎಲ್ಲಿಯೂ ಇಲ್ಲ. ನಿಮ್ಮವರು ಯಾರಾದರೂ ಬಂದು "ಯಾಕವಾ?" ಎಂದು ಕೇಳಿದರೆ, ಅವರು ಹೊಸ್ತಿಲಲ್ಲಿ ಕುಳಿತಿರುವಾಗಲೇ ಸೆರಗು ಸರಿಸಿ ತೋರಿಸಿಬಿಡಿರಿ.