ಅಳತೆ ಕೊಡಲು ಬಂದವರು

ಭಾವ ಬಂದರೆ ಮೊದಲು ಕುರ್ಚಿ ಕೇಳುತ್ತಾನೆ, ಆಮೇಲೆ ಟೀ, ಆಮೇಲೆ ರಸೀದಿಗಳ ಚೀಲ. ಸ್ವಂತ ದುಡಿಮೆಯವರ ತೆರಿಗೆ ಲೆಕ್ಕ ತುಂಬಿಕೊಡುವುದೇ ಅವನ ಕಸುಬು. ಟೈಲರಮ್ಮ ಹೆಂಡತಿಯ ತಂಗಿಯಾದ್ದರಿಂದ ಇಲ್ಲಿ ಕೂಲಿ ಕೇಳುವಂತಿಲ್ಲ. ಅದರ ಬದಲು ಉಪದೇಶ ಧಾರಾಳವಾಗಿ ಕೊಟ್ಟು ಹೋಗುತ್ತಾನೆ.

"ದಾರ, ಗುಂಡಿ, ಜಿಪ್ಪು, ಎಲ್ಲಾ ಖರ್ಚಿಗೆ ಹಾಕು. ಕತ್ತರಿ ಸಾಣೆ ಹಿಡಿಸಿದ್ದು? ಅದೂ ಹಾಕು. ಫೋನ್ ಬಿಲ್ ಮಾತ್ರ ಅರ್ಧ. ನೀನು ನಿಮ್ಮಕ್ಕನ ಜೊತೆ ಹರಟೆ ಹೊಡೆಯೋದನ್ನ ಸರ್ಕಾರ ಕಸುಬು ಅಂತ ಒಪ್ಪಲ್ಲ."

"ಮಧ್ಯಾಹ್ನದ ಊಟ, ಭಾವ?"

"ನಿನ್ನ ಊಟ ಖರ್ಚಲ್ಲ ಕಣಮ್ಮಾ, ಮೆಷಿನ್ನಿನ ಊಟ ಖರ್ಚು. ಎಣ್ಣೆ ಡಬ್ಬಿ ರಸೀದಿ ಎಲ್ಲಿ?"

ಅವಳು ನಕ್ಕಳು. ಕಿಟಕಿ ಪಕ್ಕದ ಮಂಚದ ಮೇಲಿದ್ದ ಅಪ್ಪನೂ ನಕ್ಕ. ಈಚೆಗೆ ಯಾರು ನಕ್ಕರೂ ಅವನು ಜೊತೆಗೆ ನಗುತ್ತಿದ್ದ.

ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಕೋಣೆಯಲ್ಲಿ ಅವಳ ಹಾಸಿಗೆ. ಮುಂದಿನದರಲ್ಲಿ ಮೆಷಿನ್, ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ನೇತುಬಿದ್ದ ಶಾಲೆಯ ಯೂನಿಫಾರಂಗಳು, ಅವುಗಳ ನಡುವೆ ಅಪ್ಪನ ಮಂಚ. ಅಪ್ಪನ ನೆನಪು ಮಾಸತೊಡಗಿ ಬಹಳ ಕಾಲವಾಗಿತ್ತು. ಹೊಲಿಯುತ್ತಲೇ ಒಂದು ಕಣ್ಣು ಅವನ ಮೇಲಿಡಬೇಕಿತ್ತು. ಡಾಕ್ಟರು ಹೇಳಿದ್ದು ಇಷ್ಟೇ: "ದಿನಾ ಒಂದೇ ಮಾತು ಹೇಳ್ತಾ ಇರಿ. ಗೊಂದಲ ಮಾಡಬೇಡಿ. ಒಂದ್ಸಲ ಕೈ ಬಿಟ್ಟುಹೋದದ್ದು ವಾಪಸ್ ಬರಲ್ಲ."

ಹಾಗಾಗಿ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತಾ ಹೇಳುತ್ತಿದ್ದಳು, "ಅಪ್ಪಾ, ಇದು ನಿನ್ನ ಮನೆ. ನಾನು ನಿನ್ನ ಮಗಳು, ಗುಬ್ಬಿ." ಅವನು ಗದರುತ್ತಿದ್ದ, "ಗೊತ್ತು ಕಣೇ, ನನಗೇನು ಹುಚ್ಚಾ?" ಆ ಗದರಿಕೆ ಕಿವಿಗೆ ಬಿದ್ದರೆ ಅವಳಿಗೆ ಆ ದಿನ ದುಡಿಯಲು ಕೈ ಬರುತ್ತಿತ್ತು.

ಭಾವ ಕೋಣೆಯನ್ನು ಒಮ್ಮೆ ಕಣ್ಣಲ್ಲೇ ಅಳೆದ. "ಈ ಕೋಣೆ ಪೂರ್ತಿ ಕಸುಬಿಗೇ ಅಂತ ಹಾಕಿಬಿಡೋಣ. ಅರ್ಧ ಬಾಡಿಗೆ ಖರ್ಚಲ್ಲಿ ಹೋಗುತ್ತೆ."

"ಅಪ್ಪ ಇಲ್ಲೇ ಮಲಗ್ತಾನಲ್ಲ?"

"ಮಲಗೋ ಕೋಣೆ ಅಂದ್ರೆ ಪೂರ್ತಿ ಒಪ್ಪಲ್ಲ. ಆದ್ರೆ ಇಲ್ಲಿ ಬಂದು ನೋಡೋರು ಯಾರು?"

ಮಂಚದ ಜಾಗ ಬಿಟ್ಟು ಉಳಿದದ್ದನ್ನು ತೋರಿಸಬಹುದಿತ್ತು. ಅದು ಪ್ರಾಮಾಣಿಕ ಲೆಕ್ಕ. ಆದರೆ ಉಳಿಯುವ ತೆರಿಗೆಯಲ್ಲಿ ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡಬಹುದು ಎಂದು ಅವಳ ಮನಸ್ಸು ಆಗಲೇ ಓಡಿತ್ತು. ಅವಳು ಹೊಲಿಗೆಯಲ್ಲಿ ಮುಳುಗಿದ್ದಾಗ ಅಪ್ಪ ಒಮ್ಮೆ ದೊಡ್ಡ ರಸ್ತೆಯವರೆಗೂ ಹೋಗಿಬಿಟ್ಟಿದ್ದ. ಅಂದಿನಿಂದ ಬಾಗಿಲಿಗೆ ಮೇಲಿನ ಚಿಲಕ. ಅಪ್ಪನ ಸಲುವಾಗಿಯೇ ತಾನೇ ಎಂದುಕೊಂಡು ಸಹಿ ಹಾಕಿದಳು.

ಬಂದು ನೋಡುವವರು ಇದ್ದರು. ತೆರಿಗೆ ಕಚೇರಿಯಿಂದ ಫೋನ್ ಬಂತು: ಮುಂದಿನ ವಾರ ಕೋಣೆ ನೋಡಲು ಬರುತ್ತೇವೆ. ಅವಳು ಹೆದರಿ ಕೂಡಲೇ ಭಾವನನ್ನು ಕರೆಸಿದಳು. ಭಾವ ಮಾತ್ರ ಕಲ್ಲುಗುಂಡಿನಂತೆ ಕೂತಿದ್ದ.

"ಮಂಚ ಹಿಂದಕ್ಕೆ ಹಾಕು."

"ಅಪ್ಪನ್ನ? ಹಿಂದೆ ಕೂರಿಸಿದ್ರೆ ಎದ್ದು ಬಂದು ಈ ಕಿಟಕಿ ಹತ್ರಾನೇ ನಿಲ್ತಾನೆ. ನಿಮ್ಮ ಮನೆಗೆ ಕರ್ಕೊಂಡು ಹೋದ್ರೆ ಹೆದರಿ ಕೂಗಾಡ್ತಾನೆ, ನೋಡಿದೀರಲ್ಲ."

"ಇಲ್ಲಿ ಇದ್ರೆ, ಎಲ್ಲಿ ಮಲಗ್ತೀರಿ ಅಂತ ಕೇಳೇ ಕೇಳ್ತಾರೆ. ಇಲ್ಲೇ ಅಂತ ಕೈ ತೋರಿಸ್ತಾರೆ ಮಾವ. ಅಲ್ಲಿಗೆ ಮುಗೀತು ನಮ್ಮ ಕಥೆ." ಭಾವ ಗಲ್ಲ ಕೆರೆದುಕೊಂಡ. "ಒಂದೇ ಒಂದು ಮಾತು ಕಲಿಸೋಣ. ಗಿರಾಕಿ ಅಂತ ಹೇಳಲಿ."

ಅವನೇ ಶುರು ಮಾಡಿದ. "ಮಾವ, ನೀವು ಯಾರು?"

"ಗುಬ್ಬಿಯ ಅಪ್ಪ."

"ಅಲ್ಲ. ನೀವು ಗಿರಾಕಿ. ಅಂಗಿ ಹೊಲಿಸೋಕೆ ಅಳತೆ ಕೊಡೋಕೆ ಬಂದಿದೀರಿ."

ಅಪ್ಪ ಮಗಳ ಕಡೆ ತಿರುಗಿದ. "ಇವನಿಗೆ ತಲೆ ಕೆಟ್ಟಿದೆ ಕಣೇ. ಒಂದು ಲೋಟ ನೀರು ಕೊಡು."

ಅವತ್ತು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕದ್ದು ಅದೇ ಕೊನೆ.

ಭಾವನಿಗೆ ಬೇಸರ ಬಂದು ಪಾಠ ಅವಳ ಪಾಲಿಗೆ ಬಿತ್ತು. ಎರಡೆರಡು ಮಾತು ಹೇಳಿದರೆ ಅಪ್ಪ ಕಲಸಿಬಿಡುತ್ತಿದ್ದ. ಆದ್ದರಿಂದ ಬೆಳಗಿನ ಮಾತನ್ನು ಸ್ವಲ್ಪ ದಿನಕ್ಕೆ ನಿಲ್ಲಿಸಿದಳು. ಅಪ್ಪ ಎಂದು ಕರೆಯುವುದನ್ನೂ ನಿಲ್ಲಿಸಿದಳು. ಮಂಚವನ್ನು ಈಗಲೇ ಹಿಂದಕ್ಕೆ ಹಾಕಿ, ಅವನಿಗೆ ಚಪ್ಪಲಿ ತೊಡಿಸಿ, ಬಾಗಿಲ ಬಳಿ ನಿಲ್ಲಿಸಿ ಕೇಳುತ್ತಿದ್ದಳು. ತಪ್ಪು ಹೇಳಿದರೆ ತಲೆಯಾಡಿಸುವಳು. ಸರಿ ಹೇಳಿದರೆ ಒಂದು ಬಿಸ್ಕತ್ತು ಕೊಡುವಳು. ತನ್ನ ಕೈಯನ್ನು ನೋಡಿ ತನಗೇ ಛೀ ಅನ್ನಿಸುತ್ತಿತ್ತು, ಆದರೂ ಕೊಡುತ್ತಿದ್ದಳು. ಉತ್ತರ ದಿನದಿಂದ ದಿನಕ್ಕೆ ಬೇಗ ಬರತೊಡಗಿತು. ಒಂದು ಬೆಳಿಗ್ಗೆ ಅವಳು ಕೇಳುವ ಮೊದಲೇ, ಹಾಸಿಗೆಯಲ್ಲಿ ಕಣ್ಣು ಬಿಟ್ಟವನೇ, "ಅಳತೆ ಕೊಡೋಕೆ ಬಂದೆ" ಅಂದ. ಇನ್ನು ಎರಡು ದಿನ ತಾನೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬಂದದ್ದು ಮೆತ್ತನೆ ಮಾತಿನ ಒಬ್ಬ ಹೆಂಗಸು. ಮೆಷಿನ್, ಮೇಜು, ಯೂನಿಫಾರಂ, ಎಲ್ಲ ನೋಡಿ, ಕಿಟಕಿಯ ಬಳಿ ನಿಂತಿದ್ದವನ ಕಡೆ ತಿರುಗಿದಳು. "ಇವರು?"

ಟೈಲರಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ನಾನು ಗಿರಾಕಿ. ಅಂಗಿಗೆ ಅಳತೆ ಕೊಡೋಕೆ ಬಂದೆ." ಒಂದು ಅಕ್ಷರ ತಡವರಿಸಲಿಲ್ಲ.

"ಹಾಗಾದ್ರೆ ಮೊದಲು ಇವರ ಕೆಲಸ ಮುಗಿಸಿ. ನನಗೇನು ಅವಸರ ಇಲ್ಲ," ಎಂದು ಅಧಿಕಾರಿ ಸ್ಟೂಲಿನ ಮೇಲೆ ಕೂತಳು.

ಟೇಪು ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಭುಜ ಅಳೆದಳು, ತೋಳು ಅಳೆದಳು. ಬೆಳಿಗ್ಗೆ ಗುಂಡಿ ಹಾಕುವಾಗ ಮಗುವಿನ ಹಾಗೆ ಮೈ ಬಿಟ್ಟು ನಿಲ್ಲುತ್ತಿದ್ದ ಅಪ್ಪ, ಈಗ ಪರ ಹೆಂಗಸಿನ ಕೈ ಸೋಕದಂತೆ ಮೈ ಬಿಗಿಹಿಡಿದು ನಿಂತಿದ್ದ. ಕೊರಳ ಸುತ್ತ ಟೇಪು ತರುವಾಗ ಅವಳು ಅವನ ಕಣ್ಣನ್ನೇ ನೋಡಿದಳು. ಅಲ್ಲಿ ನಾಟಕವಾಡುತ್ತಿರುವವನ ತುಂಟತನ ಚೂರೂ ಇರಲಿಲ್ಲ. ಇವರು ನಮ್ಮಪ್ಪ ಎಂಬ ಮಾತು ನಾಲಿಗೆ ತುದಿಗೆ ಬಂತು. ಸುಳ್ಳು ಲೆಕ್ಕಕ್ಕೆ ಬೀಳುವ ದಂಡ ನೆನಪಾಯಿತು. ನುಂಗಿಕೊಂಡಳು.

"ಎದೆ ಸ್ವಲ್ಪ ಸಡಿಲ ಬಿಡಿ," ಅಂದ ಅಪ್ಪ. ಅಧಿಕಾರಿ ನಕ್ಕಳು.

ಎಲ್ಲ ಸರಿಯಾಗಿದೆ ಎಂದು ಹೇಳಿ ಅವಳು ಹೊರಟಾಗ ಸಂಜೆಯಾಗಿತ್ತು. ಭಾವ ಫೋನಿನಲ್ಲೇ ಕುಣಿದಾಡಿದ. ಟೈಲರಮ್ಮ ಫೋನ್ ಇಟ್ಟು ಹಿಂದಿನ ಕೋಣೆಗೆ ಓಡಿದಳು. ಒಬ್ಬಳೇ ಮಂಚವನ್ನು ದರದರ ಎಳೆದು ತಂದು ಕಿಟಕಿ ಪಕ್ಕ ಹಾಕಿದಳು, ದಿಂಬಿಟ್ಟಳು, ಹೊದಿಕೆ ಹಾಸಿದಳು. ತಿರುಗಿ ನೋಡಿದರೆ ಅಪ್ಪ ಬಾಗಿಲ ಮುಂದೆ ನಿಂತು ಚಿಲಕದ ಕಡೆ ನೋಡುತ್ತಿದ್ದ.

"ಅಪ್ಪಾ, ಮುಗೀತು. ಆಟ ಸಾಕು. ಇದು ನಿನ್ನ ಮನೆ."

ಅವನು ಗದರಲಿಲ್ಲ. "ಬಾಗಿಲು ತೆಗೀರಮ್ಮಾ, ಕತ್ತಲಾಗ್ತಿದೆ."

"ಎಲ್ಲಿಗೆ ಹೋಗ್ತೀಯಾ? ಊಟ ಮಾಡಿ ಮಲಗು ಬಾ. ಇಲ್ನೋಡು, ನಿನ್ನ ಮಂಚ." ಅವಳು ಅವನ ಕೈ ಹಿಡಿದಳು.

ಅವನು ಬೇಸರಿಸದೆ, ಮರ್ಯಾದೆಯಿಂದಲೇ ಕೈ ಬಿಡಿಸಿಕೊಂಡ. "ನಿಮ್ಮ ಮನಸ್ಸು ದೊಡ್ಡದು, ಟೈಲರಮ್ಮಾ. ಊಟ ಮಾತ್ರ ಬೇಡ. ನಾನು ಹೋಗೋವರೆಗೂ ಅವಳು ತಟ್ಟೆ ಮುಂದೆ ಕೂರಲ್ಲ. ನನ್ನ ಮಗಳು ಗುಬ್ಬಿ, ಪಾಪ, ಮನೇಲಿ ಒಬ್ಬಳೇ ಕಾಯ್ತಿರ್ತಾಳೆ."