ಚಾಚಿದ ಅಂಗೈ

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳದು ಇಸ್ತ್ರಿ ರೋಲರಿನ ಕೆಲಸ. ಒಗೆದ ಹಾಸುಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸಿ, ಬಿಗಿಯಾಗಿ ಎಳೆದು ಮಡಚಬೇಕು. ನಲವತ್ತೊಂದರ ಅವಳನ್ನು ಅಲ್ಲಿ ಎಲ್ಲರೂ ರೋಲರಕ್ಕ ಎನ್ನುತ್ತಿದ್ದರು. ಅವಳ ಎಡ ಅಂಗೈಯ ತುಂಬ ಹಳೆಯ ಸುಟ್ಟ ಕಲೆ. ಹೊಸದಾಗಿ ಸೇರಿದವರು ಅದು ಮೆಷಿನ್ನಿನ ಕೃಪೆ ಎಂದುಕೊಂಡು ಹುಷಾರಾಗುತ್ತಿದ್ದರು. ಅವಳೂ ತಿದ್ದುತ್ತಿರಲಿಲ್ಲ.

ಎಂಟು ವರ್ಷದವಳಿದ್ದಾಗ ಹಾಲು ಚೆಲ್ಲಿದ್ದಕ್ಕೆ ತಾಯಿ ಆ ಕೈಯನ್ನು ಕಾದ ಬಾಣಲೆಗೆ ಒತ್ತಿ ಹಿಡಿದಿದ್ದಳು. ತಂದೆ ಬಿಟ್ಟುಹೋಗಿದ್ದ ಮನೆ. ಬೀರುವಿನ ಸರಳು, ನೀರಿನ ಪೈಪು, ಚಪ್ಪಲಿ, ಏನು ಕೈಗೆ ಸಿಕ್ಕಿದರೂ ತಾಯಿಗೆ ಆಯುಧವೇ. ಮೂರು ವರ್ಷ ಚಿಕ್ಕವನಾದ ತಮ್ಮನ ಪಾಲಿನ ಏಟನ್ನೂ ಇವಳೇ ತಿಂದಳು. ಒಮ್ಮೆ ಪಕ್ಕೆಲುಬು ಮುರಿದಾಗ, ಮೆಟ್ಟಿಲಿಂದ ಬಿದ್ದೆ ಎಂದು ಡಾಕ್ಟರಿಗೆ ಹೇಳುವುದನ್ನು ತಾಯಿ ದಾರಿಯುದ್ದಕ್ಕೂ ಪಾಠದಂತೆ ಒಪ್ಪಿಸಿಕೊಂಡಿದ್ದಳು.

ಹದಿನೇಳಕ್ಕೆ ಕುಡಿತ ಸಿಕ್ಕಿತು. ಆ ದಿನ ಮೈಯೊಳಗಿನ ನಡುಕ ಮೊದಲ ಸಲ ನಿಂತಿತ್ತು. ಮುಂದಿನ ಇಪ್ಪತ್ತಮೂರು ವರ್ಷ ಅವಳು ಅದನ್ನು ಬಿಡಲಿಲ್ಲ. ತಾಯಿ ಸತ್ತ ಮೇಲೂ ಬಿಡಲಿಲ್ಲ.

ಬಿಟ್ಟು ಈಗ ಹನ್ನೊಂದು ತಿಂಗಳು. ಕುಡಿತ ಬಿಟ್ಟವರ ವಾರದ ಕೂಟದಲ್ಲಿ ಅವಳ ಬೆನ್ನಿಗೆ ನಿಂತವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಹತ್ತು ವರ್ಷದಿಂದ ಒಂದು ಹನಿ ಮುಟ್ಟದಿದ್ದರೂ, ತಾನಿನ್ನೂ ನಿಂತೇ ಪ್ರಯಾಣ ಮಾಡುತ್ತಿದ್ದೇನೆ, ಸೀಟು ಸಿಕ್ಕಿತೆಂದು ಕೂತರೆ ನಿದ್ದೆ ಹತ್ತಿ ಹಳೇ ಸ್ಟಾಪಿನಲ್ಲೇ ಕಣ್ಣು ಬಿಡಬೇಕಾಗುತ್ತದೆ ಎಂದು ನಗಿಸುತ್ತಿದ್ದರು. ಕುಡಿದ ಮತ್ತಿನಲ್ಲಿ ಯಾರಿಗೆ ಕೆಡುಕು ಮಾಡಿದ್ದೀಯೋ ಅವರ ಮನೆಗೆ ಹೋಗಿ ತಪ್ಪೊಪ್ಪಿಕೋ ಎಂದವರೂ ಅವರೇ. ಅವಳಿಗೆ ಮೊದಲು ನೆನಪಾದದ್ದು ತಮ್ಮ. ಮೂರು ವರ್ಷದ ಹಿಂದೆ ಅವನ ಮನೆ ಬಾಗಿಲು ಒಡೆದು, ಬಾಟಲಿಯಿಂದ ಹುಬ್ಬು ಸೀಳಿದ್ದಳು.

ಒಂದು ಭಾನುವಾರ ಬೆಳಗ್ಗೆ ಹೋದಳು. ತಮ್ಮ ಕನ್ನಡಕದ ಗಾಜು ಉಜ್ಜಿ ಹದಮಾಡುವ ಕೆಲಸದವನು. ಅಚ್ಚುಕಟ್ಟಾದ ಮನುಷ್ಯ, ಹೆಂಡ ಮೂಸಿಯೂ ನೋಡಿದವನಲ್ಲ. ಹೆಂಡತಿ ಕುರ್ಚಿ ಹಾಕಿದಳು. ಒಂಬತ್ತು ವರ್ಷದ ಮಗಳು ಬಾಗಿಲ ಸಂದಿಯಿಂದ ಇಣುಕಿದಳು. ಅಕ್ಕ ತಲೆ ತಗ್ಗಿಸಿ, ಮನೆಯಿಂದ ಕಲಿತು ಬಂದಿದ್ದ ಮಾತುಗಳನ್ನು ಹೇಳಿದಳು. ಅವನು ಕ್ಷಮಿಸಿದವನಂತೆ ತಲೆಯಾಡಿಸಿ, ಅಮ್ಮನ ಏಟು ಬಿದ್ದಿದ್ದಕ್ಕೇ ತಾನು ನೆಟ್ಟಗಾದೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದ.

ಅಷ್ಟರಲ್ಲಿ ಹುಡುಗಿ ತರುತ್ತಿದ್ದ ನೀರಿನ ಲೋಟ ಕೈಜಾರಿ ಚೂರಾಯಿತು.

ಯಾರೂ ಗದರಲಿಲ್ಲ. ತಮ್ಮ ಎದ್ದು, ಸೊಂಟದ ಬೆಲ್ಟನ್ನು ನಿಧಾನಕ್ಕೆ ಬಿಚ್ಚಿ ಕೈಗೆ ಸುತ್ತಿಕೊಂಡ. ಹೆಂಡತಿ ಗೋಡೆಯತ್ತ ತಿರುಗಿದಳು. ಹುಡುಗಿ ಗಾಜಿನ ಚೂರುಗಳ ನಡುವೆಯೇ ನಿಂತು, ಯಾರೂ ಹೇಳದೆ ಅಂಗೈ ಮುಂದೆ ಚಾಚಿದಳು.

ಮೊದಲ ಏಟು ಬಿತ್ತು. ಎರಡನೆಯದು ಬೀಳುವ ಮೊದಲು ಅಕ್ಕ ಬೆಲ್ಟಿಗೆ ಕೈ ಹಾಕಿದ್ದಳು.

"ಬಿಡು," ಎಂದ ಅವನು. "ಇದು ನನ್ನ ಮನೆ."

ಅವಳು ಬಿಡಲಿಲ್ಲ. ಅವನು ಅವಳ ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಚಚ್ಚಿದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಅವನ ಕೈ ಕಚ್ಚಿದಳು. ಇಬ್ಬರೂ ಗಾಜಿನ ಮೇಲೆ ಉರುಳಿದರು. ಅವನ ಮೊಣಕಾಲು ಹೊಟ್ಟೆಗೆ ನೆಟ್ಟಾಗ ಉಸಿರು ಕಟ್ಟಿತು. ಆದರೆ ಇಪ್ಪತ್ತು ವರ್ಷ ಒದ್ದೆ ಬಟ್ಟೆ ಎತ್ತಿದ ತೋಳು ಅವಳದು. ಅವನನ್ನು ಮಗುಚಿ ಎದೆಯ ಮೇಲೆ ಕೂತು, ಬೆಲ್ಟು ಹಿಡಿದ ಕೈಯನ್ನು ನೆಲಕ್ಕೊತ್ತಿ, ಪಕ್ಕದಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎತ್ತಿ ಮಣಿಕಟ್ಟಿನ ಮೇಲೆ ಇಳಿಸಿದಳು. ಒಣ ಕಡ್ಡಿ ಮುರಿದಂಥ ಸದ್ದು. ಅವನು ಕಿರುಚಿದ. ಅವಳು ಸ್ಟೂಲನ್ನು ಮತ್ತೆ ಎತ್ತಿದಳು, ಈ ಸಲ ಮುಖದ ನೇರಕ್ಕೆ.

ಆಗ ಹುಡುಗಿ ಕಣ್ಣಿಗೆ ಬಿದ್ದಳು. ಅವಳು ಹೆದರಿ ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಅತ್ತೆಯನ್ನು. ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಅಕ್ಕ ಸ್ಟೂಲನ್ನು ಪಕ್ಕಕ್ಕೆಸೆದಳು.

ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡಿದ್ದರು. ಸ್ಟೇಷನ್ನಿನಲ್ಲಿ, ಕುಡುಕಿ ಅಕ್ಕ ಬಂದು ಗಲಾಟೆ ಮಾಡಿದಳು ಎಂದು ತಮ್ಮ ಹೇಳಿದ. ಎಲ್ಲರೂ ನಂಬುವಂತೆಯೇ ಇತ್ತು. ಆಗ, ಮದುವೆಯಾದಾಗಿನಿಂದ ತುಟಿ ಬಿಚ್ಚದ ಅವನ ಹೆಂಡತಿ ಎದ್ದುಬಂದು, ಮಗಳ ಅಂಗಿಯನ್ನು ಹಿಂದಿನಿಂದ ಎತ್ತಿ ಇನ್ಸ್‌ಪೆಕ್ಟರಿಗೆ ತೋರಿಸಿದಳು. ಬೆನ್ನ ಮೇಲೆ ಹಳೆಯ, ಹೊಸ ಬಾಸುಂಡೆಗಳು.

"ಅತ್ತಿಗೆ ಇವತ್ತು ಬಂದ್ರು," ಎಂದಳು. "ಇದು ಇವತ್ತಿಂದಲ್ಲ."

ಇನ್ಸ್‌ಪೆಕ್ಟರು ಎಲ್ಲರ ಹೇಳಿಕೆ ಬರೆದುಕೊಂಡು ಕಳಿಸಿದರು. ಆ ಸಂಜೆಯೇ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು.

ರೋಲರಕ್ಕ ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡು ನೇರ ಬಾರಿಗೆ ನಡೆದಳು. ಗ್ಲಾಸು ಮುಂದೆ ಬಂತು. ಮುಟ್ಟುವ ಮೊದಲು ಕಂಡಕ್ಟರಿಗೆ ಫೋನ್ ಮಾಡಿದಳು. ಅವರು ಬಂದು ಪಕ್ಕದಲ್ಲಿ ಕೂತರು. ಗ್ಲಾಸು ಸರಿಸಲಿಲ್ಲ, ಬುದ್ಧಿ ಹೇಳಲಿಲ್ಲ. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಮೂಳೆ ಮುರಿದಾಗ ಹೇಗನ್ನಿಸ್ತು?"

"ಚೆನ್ನಾಗನ್ನಿಸ್ತು. ಅಮ್ಮಂಗೂ ಹೀಗೇ ಅನ್ನಿಸ್ತಿತ್ತೇನೋ. ಅದೇ ಭಯ ನಂಗೆ."

"ಎರಡನೇದು ಹೊಡೀಲಿಲ್ವಲ್ಲ?"

"ಮಗು ನೋಡ್ತಿತ್ತು."

"ಹಾಗಾದ್ರೆ ಇದನ್ನ ಕುಡಿದು ಮರೀಬೇಡ. ಎರಡೂ ನೆನಪಿರಲಿ. ಹೊಡೆದಿದ್ದೂ, ಬಿಟ್ಟಿದ್ದೂ."

ತುಂಬಿದ ಗ್ಲಾಸನ್ನು ಅಲ್ಲೇ ಬಿಟ್ಟು ಇಬ್ಬರೂ ಹೊರಬಂದರು.

ಮರುವಾರ ಅವಳು ಹುಡುಗಿಯನ್ನು ನೋಡಲು ಅಜ್ಜಿಮನೆಗೆ ಹೋದಳು. ನಿನ್ನ ಕಣ್ಣೆದುರು ಹಾಗೆ ಮಾಡಬಾರದಿತ್ತು, ತಪ್ಪಾಯಿತು ಎಂದಳು. ಇಷ್ಟು ವರ್ಷದಲ್ಲಿ ಅವಳು ಕುಡಿಯದೆ, ಕಲಿತು ಒಪ್ಪಿಸದೆ ಕೇಳಿದ ಮೊದಲ ಕ್ಷಮೆ ಅದು. ಹುಡುಗಿ, ಅಪ್ಪನ ಕೈ ಇನ್ನೂ ನೋಯುತ್ತಿದೆಯಾ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಅತ್ತೆ. ಮಗು, ತನಗೆ ಈ ಮನೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ ಎಂದಿತು.

ಐದು ವಾರದ ಮೇಲೆ ತಮ್ಮ ಲಾಂಡ್ರಿಯ ಗೇಟಿಗೆ ಬಂದ. ಕೈಗೆ ಪ್ಲಾಸ್ಟರು, ಮುಖ ಸೊರಗಿತ್ತು. ಅವಳು ಸ್ವಲ್ಪ ದೂರದಲ್ಲೇ ನಿಂತಳು. ಅವನು ನೆಲ ನೋಡುತ್ತ ಮಾತಾಡಿದ.

"ಅಮ್ಮ ಬಂದ ತಕ್ಷಣ ನನ್ನನ್ನ ಮಂಚದ ಕೆಳಗೆ ತಳ್ತಿದ್ದೆ ನೀನು. ನಂಗೆ ಏಟು ಬೀಳ್ತಾನೇ ಇರಲಿಲ್ಲ ಅಕ್ಕ. ಅಲ್ಲಿಂದ ನಿನ್ನ ಕಾಲು ಮಾತ್ರ ಕಾಣ್ತಿತ್ತು. ಮಗಳಿಗೆ ಹೊಡೆಯೋವಾಗ್ಲೂ ನಾನು ಅವಳ ಕಾಲೇ ನೋಡ್ತೀನಿ."

ಏಟು ತಿಂದು ನೆಟ್ಟಗಾದೆ ಎಂದವನು ಇಷ್ಟು ವರ್ಷ ತನಗೇ ಸುಳ್ಳು ಹೇಳಿಕೊಂಡು ಬಂದಿದ್ದ. ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು. ಮತ್ತೊಂದು ಏಟು ಬಿಗಿಯಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ನಿನ್ನನ್ನು ಕ್ಷಮಿಸುವುದು ನನ್ನ ಕೈಯಲ್ಲಿಲ್ಲ, ಅದು ಮಗುವಿನ ಕೈಯಲ್ಲಿದೆ ಎಂದಳು. ಕೋಪದವರಿಗೆ, ಹೊಡೆಯುವವರಿಗೆ ಚಿಕಿತ್ಸೆ ಕೊಡುವ ಒಬ್ಬ ಡಾಕ್ಟರಮ್ಮನ ಹೆಸರನ್ನು ಕಂಡಕ್ಟರು ಬರೆದುಕೊಟ್ಟಿದ್ದರು. ಅವಳು ಆ ಚೀಟಿ ಕೊಟ್ಟಳು. ಅವನು ಎಡಗೈಯಲ್ಲಿ ತೆಗೆದುಕೊಂಡ.

ಮೊದಲ ದಿನ ಅವನು ಒಳಗೆ ಹೋಗದೆ ಡಾಕ್ಟರಮ್ಮನ ಬಾಗಿಲಿಂದಲೇ ವಾಪಸಾದ. ಮುಂದಿನ ವಾರ ಅವಳೇ ರಜೆ ಹಾಕಿ ಜೊತೆಗೆ ಹೋಗಿ, ಒಳಗೆ ಕಳಿಸಿ, ಹೊರಗಿನ ಬೆಂಚಿನಲ್ಲಿ ಕೂತಳು. ಮುಕ್ಕಾಲು ಗಂಟೆಯಾದ ಮೇಲೆ ಒಳಗಿಂದ ಒಬ್ಬ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಅವಳು ಎದ್ದು ಹೋಗಲಿಲ್ಲ. ಕೂತೇ ಇದ್ದಳು.